ಲಾಕೌಟಿನ ಮಳೆಗಾಲ, ಮಗಳ ಎಡಗೈ

ಹೋದ ತಿಂಗಳು ಚಿಕ್ಕಬಾಣಾವರಕ್ಕೆ ಹೋಗಿದ್ದೆ. ನನ್ನ ಜತೆ ಕಾರ್ಖಾನೆಯಲ್ಲಿದ್ದ ಗೆಳೆಯನೊಬ್ಬನ ಮೊಮ್ಮಗುವಿಗೆ ಹೆಸರಿಡುವ ದಿನ. ಸ್ಟೇಷನ್ನಿನಲ್ಲಿ ಇಳಿದು ನಡೆದೇ ಹೊರಟೆ. ಬೆಳಗಿನ ಮಳೆ ಆಗಷ್ಟೇ ನಿಂತಿತ್ತು. ತಿರುವಿನಲ್ಲಿ ಯಾರೋ ಮನೆಯ ಮೇಲೆ ಮಹಡಿ ಏರಿಸುತ್ತಿದ್ದರು. ಗೇಟಿನ ಪಕ್ಕ ಮರಳಿನ ಗುಡ್ಡೆ. ಈಗ ಎಲ್ಲೆಲ್ಲೂ ಕಾಣುವ ಕಲ್ಲುಪುಡಿಯ ಮರಳಲ್ಲ, ಎಲ್ಲಿಂದಲೋ ಹೇಗೋ ತರಿಸಿದ ಹೊಳೆಯ ಮರಳು. ಒದ್ದೆ ಮರಳಿಗೆ ಹೇಳಿಕೊಳ್ಳುವಂಥ ವಾಸನೆಯೇನೂ ಇರುವುದಿಲ್ಲ. ಸ್ವಲ್ಪ ಕೆಸರು, ಸ್ವಲ್ಪ ಕಪ್ಪೆಚಿಪ್ಪು, ಅಷ್ಟೆ. ಆದರೂ ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು. ನನ್ನ ಪಾಲಿಗೆ ಅದು ಒಂದು ವರ್ಷದ ವಾಸನೆ. ಎಂಬತ್ತರ ದಶಕದ ಆರಂಭದಲ್ಲಿ, ಇದೇ ಚಿಕ್ಕಬಾಣಾವರದಲ್ಲಿ, ಏಳು ತಿಂಗಳು ನಾನು ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದೆ.

ನಾನು ರೋಣದ ಕಡೆಯವನು. ಐಟಿಐ ಮುಗಿಸಿ ಬೆಂಗಳೂರಿಗೆ ಬಂದು ದೊಡ್ಡ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ಸೇರಿದ್ದೆ. ಹೆಂಡತಿ ಗಿರಿಜಾ ಯಶವಂತಪುರದ ಅಂಚೆ ಕಚೇರಿಯಲ್ಲಿ ಗುಮಾಸ್ತೆ. ಇಬ್ಬರಿಗೂ ರೈಲು ಅನುಕೂಲವೆಂದು ಚಿಕ್ಕಬಾಣಾವರದಲ್ಲಿ ಮುನಿತಾಯಮ್ಮ ಎನ್ನುವವರ ಮನೆಯ ಒಂದು ಭಾಗವನ್ನು ಬಾಡಿಗೆಗೆ ಹಿಡಿದಿದ್ದೆವು. ಅವರು ತಲೆಮಾರುಗಳಿಂದ ಅದೇ ಊರಿನವರು. ಆಗ ಮನೆಯ ಹಿಂದೆಯೇ ರಾಗಿ ಹೊಲ ಶುರುವಾಗುತ್ತಿತ್ತು. ನಮ್ಮ ಒಬ್ಬಳೇ ಮಗಳು ನೀಲಾಳಿಗೆ ನಾಲ್ಕು ವರ್ಷ. ಹಗಲು ಅವಳನ್ನು ನನ್ನ ಅವ್ವ ನೋಡಿಕೊಳ್ಳುತ್ತಿದ್ದಳು.

ನೀಲಾಳಿಗೆ ಒಂದೂವರೆ ವರ್ಷವಿದ್ದಾಗ ಜ್ವರ ಬಂದಿತ್ತು. ಜ್ವರ ಬಿಟ್ಟಿತು, ಎಡಗೈ ಮೊದಲಿನಂತಾಗಲಿಲ್ಲ. ಬೆರಳುಗಳು ಒಳಕ್ಕೆ ಮಡಚಿಕೊಂಡೇ ಇರುತ್ತಿದ್ದವು, ಹೆಬ್ಬೆರಳು ಅಂಗೈಯೊಳಗೆ ಅಡಗಿರುತ್ತಿತ್ತು. ಆ ವರ್ಷ ಯುಗಾದಿಗೆ ಮುಂಚೆ ಮಕ್ಕಳ ಆಸ್ಪತ್ರೆಗೆ ತೋರಿಸಿದೆವು. ಅಲ್ಲಿನ ಡಾಕ್ಟರಮ್ಮ ಕೈಯನ್ನು ತಿರುಗಿಸಿ ನೋಡಿ, "ದಿನಾ ಮೂರು ಸಲ ವ್ಯಾಯಾಮ ಮಾಡಿಸಿ. ಬೆರಳು ಬಿಡಿಸೋದು, ಮುಚ್ಚೋದು, ಮಣಿಕಟ್ಟು ಎತ್ತೋದು. ಆರು ತಿಂಗಳು ಬಿಟ್ಟು ಬನ್ನಿ. ಮಣಿಕಟ್ಟು ಬಿಗಿದುಕೊಂಡ್ರೆ ಆಪರೇಷನ್ ಯೋಚನೆ ಮಾಡ್ಬೇಕಾಗುತ್ತೆ" ಎಂದರು. ಆಪರೇಷನ್ ಎಂಬ ಮಾತು ಕೇಳಿ ಗಿರಿಜಾ ದಾರಿಯುದ್ದಕ್ಕೂ ಮಗಳ ಆ ಕೈಯನ್ನು ತನ್ನ ಅಂಗೈಯೊಳಗೆ ಹಿಡಿದೇ ಇದ್ದಳು.

ಯುಗಾದಿ ಮುಗಿದ ವಾರವೇ ಕಾರ್ಖಾನೆ ಲಾಕೌಟ್ ಆಯಿತು. ಗೇಟಿಗೆ ಬೀಗ, ಬೀಗದ ಪಕ್ಕ ಒಂದು ನೋಟೀಸು. ಅದೇ ಹೊತ್ತಿಗೆ ಊರಿನಿಂದ ತಂಗಿಯ ಬಾಣಂತನಕ್ಕೆಂದು ಅವ್ವನಿಗೆ ಕರೆ ಬಂತು. ಅವ್ವ ಹೊರಟಳು. ಗಿರಿಜಾ ಬೆಳಿಗ್ಗೆ ಎಂಟರ ಗಾಡಿಗೆ ಹೋದರೆ ಸಂಜೆಯವರೆಗೂ ಮನೆಯಲ್ಲಿ ನಾನು, ನೀಲಾ.

ಕೆಲಸವಿಲ್ಲದ ಗಂಡಸು ಮನೆಯಲ್ಲಿ ಕೂತರೆ ಏನಾದರೊಂದಕ್ಕೆ ಕೈ ಹಾಕಲೇಬೇಕು. ನಾನು ಮಗಳ ಕೈ ಹಿಡಿದೆ. ಜಾಮ್ ಆದ ಭಾಗಕ್ಕೆ ಎಣ್ಣೆ ಬಿಟ್ಟು, ಪಟ್ಟು ಬಿಡದೆ ತಿರುಗಿಸಿದರೆ ಸಡಿಲವಾಗುತ್ತದೆ ಎಂಬುದು ಫಿಟ್ಟರನ ಬುದ್ಧಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಗಡಿಯಾರ ನೋಡಿ ಎಣಿಸಿ ಮಾಡಿಸಿದೆ. ಮೊದಲ ದಿನ ಅವಳು ಅತ್ತಳು. ಎರಡನೆಯ ದಿನ ಕೂಗಿದಳು. ವಾರದ ಹೊತ್ತಿಗೆ ನಾನು ಚಾಪೆ ಹಾಸುವುದನ್ನು ಕಂಡರೇ ಮೂಲೆ ಸೇರಿ, ಎಡಗೈಯನ್ನು ಫ್ರಾಕಿನ ಜೇಬಿನೊಳಕ್ಕೆ ತುರುಕಿಕೊಂಡು ಕೂರುತ್ತಿದ್ದಳು. ನನ್ನ ಜತೆ ಮಾತೂ ಕಡಿಮೆಯಾಯಿತು. ಅಪ್ಪ ಎಂದರೆ ಕೈ ಎಳೆಯುವವನು ಎಂದಾಗಿತ್ತು.

ಒಂದು ಮಧ್ಯಾಹ್ನ ಅವಳ ಕೂಗಿಗೆ ಮುನಿತಾಯಮ್ಮ ಬಾಗಿಲಿಗೆ ಬಂದರು.

"ಏನಪ್ಪಾ ಬಸ್ರಾಜಪ್ಪಾ, ಕೋಳಿ ಇಡಿದಂಗೆ ಇಡ್ಕೊಂಡಿದ್ದೀಯಲ್ಲ ಮಗೂನ?"

"ವ್ಯಾಯಾಮ ರೀ ಅಮ್ಮಾ. ಡಾಕ್ಟರ್ ಹೇಳ್ಯಾರ."

"ಏಳಿರ್ತಾರೆ. ಬ್ಯಾಡ ಅಂದ್ನಾ? ಆದ್ರೆ ಮಗು ಕಣಪ್ಪ ಅದು. ಬೆಳಗಿಂದ ಬೈಗಿನ್ ತಂಕ ಇಂಗೆ ಒಳಗ್ ಕೂಡಾಕ್ಕೊಂಡ್ರೆ ಎಂಗೆ? ಒರಗ್ ಬುಡು, ಆಡ್ಕೊಳ್ಲಿ."

ಮುನಿತಾಯಮ್ಮನ ಮಗ ನಮ್ಮ ಮನೆಯ ಪಕ್ಕಕ್ಕೆ ಇನ್ನೊಂದು ಕೋಣೆ ಕಟ್ಟಲು ಹೊರಟು, ತಳಪಾಯ ಹಾಕಿ ನಿಲ್ಲಿಸಿದ್ದ. ಹೊಂಗೆ ಮರದ ಕೆಳಗೆ ಲಾರಿಗಟ್ಟಲೆ ಮರಳು ಉಳಿದಿತ್ತು. ಅಲ್ಲಿ ದಿನವಿಡೀ ಇಬ್ಬರು ಆಡುತ್ತಿದ್ದರು: ಮುನಿತಾಯಮ್ಮನ ಮೊಮ್ಮಗಳು ಆರು ವರ್ಷದ ಜಯಾ, ಮತ್ತು ಎದುರಿನ ಸೈಕಲ್ ಶಾಪಿನವನ ಮಗ ಐದು ವರ್ಷದ ರಫೀಕ್. ಎರಡು ವ್ಯಾಯಾಮಗಳ ನಡುವಿನ ಹೊತ್ತಿನಲ್ಲಿ ನೀಲಾಳನ್ನು ಹೊರಗೆ ಬಿಟ್ಟೆ.

ಅವಳು ಮರಳಿನ ಹತ್ತಿರ ಹೋಗಲೇ ಇಲ್ಲ. ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು, ಅಷ್ಟೆ. ನಾಲ್ಕು ದಿನ ಹೀಗೇ ಕಳೆಯಿತು. ಸುಮ್ಮನೆ ಹೊತ್ತು ಹಾಳು ಎಂದುಕೊಂಡೆ. ಆದರೆ ಸಂಜೆ ಗಿರಿಜಾ ಬಂದೊಡನೆ ನೀಲಾ ಅವಳ ಬೆನ್ನಿಗೆ ಜೋತುಬಿದ್ದು, ಜಯಾ ಮರಳಿನಲ್ಲಿ ಬಾವಿ ತೋಡಿದ್ದು, ರಫೀಕ್ ಅದರೊಳಗೆ ನೀರು ಸುರಿದದ್ದು, ನೀರೆಲ್ಲ ಎಲ್ಲಿಗೆ ಹೋಯಿತೆಂದು ಇಬ್ಬರೂ ಜಗಳವಾಡಿದ್ದು, ಎಲ್ಲವನ್ನೂ ಒಂದೂ ಬಿಡದೆ ಹೇಳುತ್ತಿದ್ದಳು. ಕೂತಲ್ಲೇ ಅವಳು ಆಟದೊಳಗಿದ್ದಳು ಎಂದು ನನಗೆ ಹೊಳೆದದ್ದು ಬಹಳ ತಡವಾಗಿ.

ಐದನೆಯ ದಿನ ಮೆಟ್ಟಿಲಿಳಿದಳು. ಗುಡ್ಡೆಯ ಆಚೆ ಬದಿಗೆ, ಅವರಿಬ್ಬರಿಗೂ ಬೆನ್ನು ಹಾಕಿ ಕೂತಳು. ಬಲಗೈಯಲ್ಲಿ ಹಾಲಿನ ಪುಡಿಯ ಖಾಲಿ ಡಬ್ಬಿ. ಅವರು ತುಂಬಿದರೆ ಇವಳೂ ತುಂಬುವಳು, ಅವರು ಸುರಿದರೆ ಇವಳೂ ಸುರಿಯುವಳು. ಒಂದು ಮಾತಿಲ್ಲ. ವಾರ ಕಳೆಯುವಷ್ಟರಲ್ಲಿ ಅವಳ ಮುಖ ಸ್ವಲ್ಪ ಸ್ವಲ್ಪವೇ ಅವರತ್ತ ತಿರುಗಿತು.

ಆಮೇಲೆ ಮುಂಗಾರು ಬಂತು. ಒಂದು ಬೆಳಿಗ್ಗೆ ಮಳೆ ಬಿಟ್ಟ ಮೇಲೆ ಜಯಾ ಒದ್ದೆ ಮರಳಿನಲ್ಲಿ ಗುಬ್ಬಿಗೂಡು ಕಟ್ಟುತ್ತಿದ್ದಳು. ಕಾಲನ್ನು ಮರಳಿನಲ್ಲಿ ಹುಗಿದು, ಮೇಲೆ ತಟ್ಟಿ ತಟ್ಟಿ ಗಟ್ಟಿ ಮಾಡಿ, ಮೆಲ್ಲಗೆ ಕಾಲು ಹೊರಕ್ಕೆಳೆದರೆ ಒಳಗೆ ಗೂಡು. ನಾನು ಕಿಟಕಿಯ ಬಳಿ ಕೂತು ಅಕ್ಕಿ ಆರಿಸುತ್ತಿದ್ದೆ. "ನೀನೂ ಕಾಲಿಡು" ಎಂದಳು ಜಯಾ. ನೀಲಾ ಕಾಲಿಡಲಿಲ್ಲ. ಜೇಬಿನಿಂದ ಎಡಗೈ ತೆಗೆದು ಮರಳಿನ ಮೇಲಿಟ್ಟು, ಬಲಗೈಯಿಂದ ಅದರ ಮೇಲೆ ಮರಳು ಎಳೆದುಕೊಂಡಳು. ಯಾರಿಗೂ ಕಾಣದಂತೆ ಕೈ ಬಚ್ಚಿಡಲು ಅದಕ್ಕಿಂತ ಒಳ್ಳೆಯ ಜಾಗ ಅವಳಿಗೆ ಎಲ್ಲಿ ಸಿಗಬೇಕು?

ತಟ್ಟಿದಳು. ಕೈ ಎಳೆದಳು. ಮಡಚಿದ ಬೆರಳುಗಳು ಸಿಕ್ಕಿಕೊಂಡು ಗೂಡು ಕುಸಿಯಿತು.

"ಕೈ ಉಬ್ಬಿಸ್ಬೇಡ ಕಣೇ, ಚಪ್ಪಟೆ ಮಾಡು. ಆಮೇಲೆ ಹಾವ್ ಬಂದಂಗೆ ಮೆಲ್ಲಗ್ ಬಾ" ಎಂದಳು ಜಯಾ. ಅವಳಿಗೆ ಆ ಕೈಯ ಕಥೆ ಗೊತ್ತಿರಲಿಲ್ಲ, ಗೊತ್ತಿದ್ದರೂ ಲೆಕ್ಕಕ್ಕಿರಲಿಲ್ಲ.

ನೀಲಾ ನಾಲಗೆ ಕಚ್ಚಿಕೊಂಡು ಮತ್ತೆ ಹುಗಿದಳು. ನಾನು ದಿನಕ್ಕೆ ಮೂರು ಸಲ ಬಲವಂತವಾಗಿ ಬಿಡಿಸುತ್ತಿದ್ದ ಬೆರಳುಗಳನ್ನು ಮರಳಿನೊಳಗೆ ಅವಳೇ ಒಂದೊಂದಾಗಿ ಚಾಚಿರಬೇಕು. ಎಷ್ಟೋ ಹೊತ್ತು ಹಿಡಿಯಿತು. ಮೂರು ಗೂಡು ಬಿದ್ದವು. ನಾಲ್ಕನೆಯದು ನಿಂತಿತು. ಅವಳು ನೆಲಕ್ಕೆ ಕೆನ್ನೆ ಹಚ್ಚಿ ಒಳಗೆ ಇಣುಕಿ, "ಬಾಗಲಾ ಅದ! ಗುಬ್ಬಿಗೆ ಬಾಗಲಾ ಅದ!" ಎಂದು ಕೂಗಿದಳು. ಮೊರ ನನ್ನ ತೊಡೆಯಿಂದ ಜಾರಿ ಅಕ್ಕಿಯೆಲ್ಲ ನೆಲದ ಪಾಲಾಯಿತು.

ಅಲ್ಲಿಗೆ ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ಮಾರನೆಯ ದಿನವೇ ಮರಳಿನ ಹತ್ತಿರ ಹೋಗಿ ನಿಂತೆ. "ನೀಲಾ, ಇವತ್ತು ಹತ್ತು ಗೂಡು. ಎಡಗೈಲೇ ಮಾಡಬೇಕು. ಜಯಾ, ನೀ ಎಣಿಸು. ರಫೀಕ್, ನೀರು ತಾ." ಮಕ್ಕಳು ಒಂದು ದಿನ ಮಾಡಿದರು. ಎರಡನೆಯ ದಿನ ರಫೀಕ್ ಅಂಗಡಿ ಬಿಟ್ಟು ಬರಲಿಲ್ಲ. ಮೂರನೆಯ ದಿನ ಗುಡ್ಡೆಯ ಮೇಲೆ ಯಾರೂ ಇರಲಿಲ್ಲ. ರಫೀಕನನ್ನು ಕರೆದು ಯಾಕೋ ಎಂದು ಕೇಳಿದೆ. ಅವನು ಸೈಕಲ್ ಪೆಡಲ್ ತಿರುಗಿಸುತ್ತಾ, "ಅಂಕಲ್, ನೀವ್ ಬಂದ್ರೆ ಆಟ ಸ್ಕೂಲ್ ಆಗ್ತದೆ" ಎಂದ. ನೀಲಾಳ ಕೈ ಮತ್ತೆ ಜೇಬು ಸೇರಿತು.

ಸಂಜೆ ಗಿರಿಜಾಳಿಗೆ ಹೇಳಿಕೊಂಡೆ. ಅವಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಕೇಳಿದಳು. ಬೈಯಲಿಲ್ಲ. "ನೀವು ಎದಕ್ಕ ಕೈ ಹಚ್ಚಿದ್ರೂ ಅದನ್ನ ಫ್ಯಾಕ್ಟರಿ ಮಾಡ್ತೀರಿ ನೋಡ್ರಿ" ಎಂದಳು. ಆಮೇಲೆ, "ನಿಮಗ ಅಕಿ ಜೋಡಿ ಆಡಾಕ ಬರ್ತದೇನು? ಬರೇ ಆಡಾಕ?" ಎಂದು ಕೇಳಿದಳು. ನಾನು ಕೊನೆಯ ಸಲ ಆಡಿದ್ದು ಯಾವಾಗ ಎಂಬುದೇ ನೆನಪಾಗಲಿಲ್ಲ.

ಬೆಳಿಗ್ಗೆ ಲುಂಗಿ ಎತ್ತಿ ಕಟ್ಟಿ ಮರಳಿನ ಗುಡ್ಡೆಯ ಮೇಲೆ ಹೋಗಿ ಒಬ್ಬನೇ ಕೂತೆ. ಮೂವತ್ತೊಂದು ವರ್ಷದ ಗಂಡಸು. ಯೂನಿಯನ್ ಸಭೆಗೆ ಹೊರಟಿದ್ದ ನಮ್ಮ ಕಾರ್ಖಾನೆಯವನೊಬ್ಬ ಸೈಕಲ್ ನಿಲ್ಲಿಸಿ, "ಏನ್ ಗುರು, ಲಾಕೌಟ್ ತಲೆಗ್ ಹತ್ತಿತಾ?" ಎಂದು ನಕ್ಕ. ನಾನು ಏಳಲಿಲ್ಲ. ಕಾಲು ಹುಗಿದು ಮರಳು ತಟ್ಟಿದೆ. ಎಳೆದೆ. ಬಿತ್ತು. ಇನ್ನೊಮ್ಮೆ ಮಾಡಿದೆ, ಅದೂ ಬಿತ್ತು. ಬೇಕೆಂದು ಬೀಳಿಸಿದ್ದಲ್ಲ, ನಿಜವಾಗಿಯೂ ನನಗೆ ಬರುತ್ತಿರಲಿಲ್ಲ. ಇಂಚಿನ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ ಕಬ್ಬಿಣ ಉಜ್ಜುವವನಿಗೆ ಒಂದು ಗುಬ್ಬಿಗೂಡು ಬರುತ್ತಿರಲಿಲ್ಲ.

ಮೆಟ್ಟಿಲ ಮೇಲಿಂದ ದನಿ ಬಂತು. "ಹಂಗಲ್ಲಪ್ಪಾ. ನೀ ಭಾಳ ಅವಸರ ಮಾಡ್ತಿ."

"ಮತ್ತ ಹೆಂಗವ್ವಾ?"

ಅವಳು ಇಳಿದು ಬಂದಳು. ನನ್ನ ಕಾಲಿನ ಮೇಲೆ ಮರಳು ಸುರಿದು, ಎರಡೂ ಕೈಯಿಂದ ತಟ್ಟಿದಳು. ಎಡಗೈ ಸರಿಯಾಗಿ ಬೀಳುತ್ತಿರಲಿಲ್ಲ, ಪಕ್ಕಕ್ಕೆ ಹೊರಳುತ್ತಿತ್ತು. ನಾನು ಬೇರೆ ಕಡೆ ನೋಡಿದೆ. "ಈಗ ತಗೀ" ಎಂದಳು. ತೆಗೆದೆ. ಗೂಡು ನಿಂತಿತು. ಅರ್ಧ ಗಂಟೆಯೊಳಗೆ ಜಯಾ, ರಫೀಕ್ ಇಬ್ಬರೂ ಬಂದು ನನ್ನ ಗೂಡಿನ ತಪ್ಪುಗಳನ್ನು ಎಣಿಸುತ್ತಿದ್ದರು.

ಆ ಮಳೆಗಾಲ ಹೇಗೆ ಹೋಯಿತೋ. ಕಾರ್ಖಾನೆ ತೆರೆಯುತ್ತದೆಯೋ ಇಲ್ಲವೋ ಎಂಬ ಚಿಂತೆ ಇದ್ದೇ ಇತ್ತು, ಆದರೆ ಬೆಳಗಾದರೆ ಹೊರಗೆ ಏನೋ ಒಂದು ನಡೆಯುತ್ತಿತ್ತು. ರಫೀಕ್ ಅಂಗಡಿಯಿಂದ ತುಕ್ಕು ಹಿಡಿದ ರಿಮ್ ತಂದ. ಅದು ಬಸ್ಸಿನ ಸ್ಟೀರಿಂಗ್ ಆಯಿತು. ಒಂದೇ ಕೈಯಲ್ಲಿ ತಿರುಗಿಸಿದರೆ ಬಸ್ ಹಳ್ಳಕ್ಕೆ ಬೀಳುತ್ತದೆಂದು ಅವನ ಕಾನೂನು. ನೀಲಾ ಎರಡೂ ಕೈ ಹಾಕಿದಳು. ಕಂಡಕ್ಟರ್ ಆದ ದಿನ ಬೆಂಗಳೂರಿನ ಕಂಡಕ್ಟರುಗಳ ಹಾಗೆ "ಮುಂದ್ ಹೋಗ್ರೀ, ಮುಂದ್ ಹೋಗ್ರೀ" ಎಂದು ಕೂಗಿದಳು. ಮನೆಯಲ್ಲಿ ರೋಣದ ಮಾತು, ಮರಳಿನಲ್ಲಿ ಇಲ್ಲಿಯ ಮಾತು; ಯಾರೂ ಕಲಿಸದೆ ಎರಡನ್ನೂ ಬೇರೆ ಬೇರೆ ಇಟ್ಟುಕೊಂಡಳು. ತೆಂಗಿನ ಚಿಪ್ಪಿನ ತಕ್ಕಡಿ ಕಟ್ಟಿ ಅಂಗಡಿ ಇಟ್ಟರು. ಮರಳು ಸಕ್ಕರೆಯಾಯಿತು, ಹೊಂಗೆ ಎಲೆ ಸೊಪ್ಪಾಯಿತು. ಹೆಚ್ಚು ಯಾವುದು, ಕಡಿಮೆ ಯಾವುದು ಎಂದು ತಕ್ಕಡಿಯ ಮುಂದೆ ಕೂತು ವಾದ ಮಾಡಿದರು. ಕುಂಟೆಬಿಲ್ಲೆಯಲ್ಲಿ ನೀಲಾ ಮೊದಮೊದಲು ಪ್ರತಿ ಮನೆಗೂ ಬೀಳುತ್ತಿದ್ದಳು. ಎಡಗೈ ಚಾಚಿದರೆ ಮೈ ನಿಲ್ಲುತ್ತದೆಂದು ಅವಳ ಮೈಯೇ ಕಂಡುಕೊಂಡಿತು.

ಮಳೆ ಹಿಡಿದ ದಿನಗಳಲ್ಲಿ ಮುನಿತಾಯಮ್ಮನ ಜಗುಲಿಯ ಮೇಲೆ ಅಳಿಗುಳಿಮಣೆ. ಒಂದು ಕೈಯಲ್ಲಿ ಹುಣಸೆಬೀಜ ಹಿಡಿದು, ಇನ್ನೊಂದರಿಂದ ಒಂದೊಂದೇ ಗುಳಿಗೆ ಬಿಡಬೇಕು. ಬೀಜ ಹಿಡಿಯಲು ಎಡಗೈ ಬೇಕೇ ಬೇಕು. ಬೆರಳ ಸಂದಿಯಿಂದ ಉದುರುತ್ತಿದ್ದವು, ಹೆಕ್ಕಿ ಮತ್ತೆ ಹಿಡಿಯುತ್ತಿದ್ದಳು. ಕೈಗಿಂತ ಕಷ್ಟವಾದದ್ದು ಸೋಲು. ಮೊದಲ ಸಲ ಸೋತಾಗ ಮಣೆಯನ್ನೇ ಎತ್ತಿ ಅಂಗಳಕ್ಕೆ ಎಸೆದಳು. ಜಯಾ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ನೀಲಾ ಮಣೆಯನ್ನು ತನ್ನ ಫ್ರಾಕಿನಿಂದಲೇ ಒರೆಸಿ ತೆಗೆದುಕೊಂಡು ಹೋಗಿ, "ನೀ ಮೊದಲ ಆಡು" ಎಂದಳು. ನಾನಾಗಲಿ ಮುನಿತಾಯಮ್ಮನಾಗಲಿ ಬುದ್ಧಿ ಹೇಳಿರಲಿಲ್ಲ.

ಒಂದು ಮಧ್ಯಾಹ್ನದ ಆಟವನ್ನು ಮಾತ್ರ ಪೂರ್ತಿ ಹೇಳಬೇಕು. ಜೋರು ಮಳೆ, ಯಾರೂ ಬರುವಂತಿರಲಿಲ್ಲ. ನೀಲಾ ಗಿರಿಜಾಳ ಬಿಳಿ ಟವೆಲ್ ಹೊದ್ದು ಬಂದು, "ನಾ ಡಾಕ್ಟರ್. ನಿನ್ನ ಕೈ ಕೆಟ್ಟದ" ಎಂದಳು. ನನ್ನ ಎಡಗೈಗೆ ಕರವಸ್ತ್ರ ಸುತ್ತಿ ಚಾಪೆಯ ಮೇಲೆ ಕೂರಿಸಿದಳು.

"ಮುಚ್ಚು. ತಗೀ. ಮುಚ್ಚು. ತಗೀ. ಹತ್ತ ಸಲ ಮಾಡಬೇಕು. ಅಳಬಾರದು. ಅತ್ತರ ಬೈತೇನಿ."

ದನಿ ನನ್ನದೇ. ಹುಬ್ಬು ಗಂಟಿಕ್ಕಿದ ರೀತಿಯೂ ನನ್ನದೇ. ಆಟವನ್ನು ಬಿಡದೆ, "ನೋಯ್ತದ್ರೀ ಡಾಕ್ಟರ್" ಎಂದೆ.

ಅವಳು ನಿಂತಳು. ಡಾಕ್ಟರಿಗೆ ಈ ಮಾತು ಹೊಸದೆಂಬಂತೆ ನನ್ನ ಮುಖ ನೋಡಿದಳು. ಆಮೇಲೆ ಹತ್ತಿರ ಕೂತು ನನ್ನ ಬೆರಳುಗಳ ಮೇಲೆ ಉಫ್ ಎಂದು ಊದಿ, "ನೋವಾದ್ರ ಇಷ್ಟ ಸಾಕು. ಉಳಿದದ್ದು ನಾಳೆ ಮಾಡೂಣು" ಎಂದಳು.

ಅವತ್ತಿನಿಂದ ನಮ್ಮ ವ್ಯಾಯಾಮದ ಚಾಪೆಯಲ್ಲಿ ಒಂದು ಬದಲಾವಣೆಯಾಯಿತು. ವ್ಯಾಯಾಮ ಬಿಡಲಿಲ್ಲ. ಆದರೆ ಎಣಿಸುವವಳು ಅವಳು, ಸಾಕು ಎನ್ನುವವಳೂ ಅವಳೇ. ಮೊದಲ ದಿನ ಮೂರಕ್ಕೇ ಸಾಕು ಎಂದಳು. ನಾನು ಕೈ ಬಿಟ್ಟೆ. ನಿಜವಾಗಿ ಬಿಟ್ಟೆನೆಂದು ಅವಳಿಗೆ ನಂಬಿಕೆ ಬರಲು ಒಂದು ವಾರ ಬೇಕಾಯಿತು. ಆಮೇಲಾಮೇಲೆ ಹತ್ತು ದಾಟಿದರೂ ಎಣಿಕೆ ನಿಲ್ಲಿಸುತ್ತಿರಲಿಲ್ಲ.

ಗಣೇಶನ ಹಬ್ಬ ಕಳೆದು ಆಸ್ಪತ್ರೆಯ ದಿನ ಬಂತು. ಗಿರಿಜಾ ರಜೆ ಹಾಕಿ ಬಂದಿದ್ದಳು. ಡಾಕ್ಟರಮ್ಮ ತಲೆಯೆತ್ತದೆ, "ಎಡಗೈ ತೋರಿಸಮ್ಮಾ" ಎಂದರು. ನೀಲಾ ಜೇಬಿಗೆ ಕೈ ತುರುಕಿದಳು. "ತೆಗಿ ಪುಟ್ಟಾ." ಇಲ್ಲ. ಗಿರಿಜಾ ಬೇಡಿಕೊಂಡಳು. ಇಲ್ಲ. ಡಾಕ್ಟರಮ್ಮ ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ವ್ಯಾಯಾಮ ಮಾಡಿಸ್ತಿದ್ದೀರಾ, ಹೇಗೆ?" ಎಂದರು. "ಮಾಡಸ್ತೀನ್ರಿ. ಭಾಳ ಮಟ್ಟಿಗೆ ಆಡಸ್ತೀನ್ರಿ" ಎಂದು ತೊದಲಿದೆ. ಹೊರಗೆ ಸಾಲು ದೊಡ್ಡದಿತ್ತು. ಇಡೀ ಮಳೆಗಾಲ ಮರಳಿನಲ್ಲಿ ಕಳೆದೆನಲ್ಲ, ಮಗಳ ಕೈ ನಾನೇ ಕೆಡಿಸಿದೆನೇ ಎಂದುಕೊಂಡೆ.

ಡಾಕ್ಟರಮ್ಮ ಏನು ಯೋಚಿಸಿದರೋ, ಪೆನ್ನು ಕೆಳಗಿಟ್ಟು, "ಜೇಬಲ್ಲಿ ಏನಿದೆ?" ಎಂದರು.

"ಬೀಜ."

"ಯಾತಕ್ಕೆ?"

ಇಷ್ಟು ದೊಡ್ಡವರಿಗೆ ಇದೂ ಗೊತ್ತಿಲ್ಲವೇ ಎಂಬಂತೆ ನೋಡಿ, ನೀಲಾ ಎಡಗೈಯನ್ನು ಹೊರಗೆ ತೆಗೆದಳು. ಮುಷ್ಟಿಯ ತುಂಬ ಹುಣಸೆಬೀಜ. ಒಂದೆರಡು ನೆಲಕ್ಕೆ ಬಿದ್ದವು. ಉಳಿದವನ್ನು ಮೇಜಿನ ಮೇಲೆ ಸುರಿದು, ಹರಡಿ, ಅದರಿಂದ ನಾಲ್ಕನ್ನು ಮತ್ತೆ ಎಡಗೈಗೆ ತುಂಬಿಕೊಂಡು, "ಹಿಂಗ ಹಿಡಿಬೇಕು. ಒಂದೊಂದ ಬಿಡಬೇಕು. ಈಗ ನಿಮ್ಮ ಪಾಳಿ" ಎಂದಳು. ಡಾಕ್ಟರಮ್ಮ ಆಡಿದರು. ಎರಡು ನಿಮಿಷವಿರಬಹುದು. ಅವರ ಕಣ್ಣು ಬೀಜದ ಮೇಲಿರಲಿಲ್ಲ, ಆ ಪುಟ್ಟ ಹೆಬ್ಬೆರಳಿನ ಮೇಲಿತ್ತು.

"ಹೆಬ್ಬೆರಳು ಹೊರಗೆ ಬರ್ತಿದೆ. ಮಣಿಕಟ್ಟು ಬಿಗಿದಿಲ್ಲ. ಈಗ ಆಪರೇಷನ್ ಮಾತು ಬೇಡ" ಎಂದರು. ಆಮೇಲೆ ನಮ್ಮಿಬ್ಬರ ಮುಖ ನೋಡಿ, "ಪೂರ್ತಿ ಸರಿಹೋಗುತ್ತೆ ಅಂತ ನಾನ್ ಹೇಳ್ತಿಲ್ಲ. ವ್ಯಾಯಾಮ ನಿಲ್ಲಿಸ್ಬೇಡಿ. ಆಟಾನೂ ನಿಲ್ಲಿಸ್ಬೇಡಿ" ಎಂದರು. ಹೊರಗೆ ಬಂದ ಮೇಲೆ ಗಿರಿಜಾ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅತ್ತಳು. ನೀಲಾ ಅವಳ ತೊಡೆಯ ಮೇಲೆ ಬೀಜ ಹರಡಿ, "ಅಳಬ್ಯಾಡಬೇ, ನೀನೂ ಆಡು" ಎಂದಳು.

ಡಾಕ್ಟರಮ್ಮ ಹೇಳಿದ್ದು ನಿಜವೇ ಆಯಿತು. ಆ ಕೈ ಇನ್ನೊಂದರಂತೆ ಎಂದೂ ಆಗಲಿಲ್ಲ. ಚಳಿಯಲ್ಲಿ ಈಗಲೂ ಬೆರಳು ಮರಗಟ್ಟುತ್ತವಂತೆ. ಆದರೆ ನೀಲಾ ತನ್ನ ಜಡೆ ತಾನೇ ಹೆಣೆದುಕೊಂಡಳು, ಸೈಕಲ್ ಕಲಿತಳು, ಈಗ ತುಮಕೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಾಳೆ. ಸೂಕ್ಷ್ಮದರ್ಶಕದ ಗಾಜಿನ ಪಟ್ಟಿಯನ್ನು ಎಡಗೈಯಲ್ಲೇ ಹಿಡಿದು ಮಕ್ಕಳಿಗೆ ಎಲೆಯ ನರ ತೋರಿಸುವುದನ್ನು ನಾನೊಮ್ಮೆ ಬಾಗಿಲಲ್ಲಿ ನಿಂತು ನೋಡಿದ್ದೇನೆ.

ದೀಪಾವಳಿ ಮುಗಿದು ಕಾರ್ಖಾನೆಯ ಬೀಗ ತೆಗೆದರು. ಅವ್ವನೂ ಊರಿನಿಂದ ಬಂದಳು. ಕೆಲಸಕ್ಕೆ ಹೊರಡುವ ದಿನ ಇಸ್ತ್ರಿ ಮಾಡಿದ ಖಾಕಿ ತೊಟ್ಟು, ಊಟದ ಡಬ್ಬಿ ಹಿಡಿದು ಹೊರಗೆ ಬಂದೆ. ಏಳು ತಿಂಗಳು ಬಿಟ್ಟಿರದ ಮಗಳು, ಅತ್ತರೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಸಿದ್ಧಮಾಡಿಕೊಂಡಿದ್ದೆ.

ಅಂಗಳದಲ್ಲಿ ಮದುವೆ ನಡೆಯುತ್ತಿತ್ತು. ಚಿಂದಿ ಬಟ್ಟೆಯ ಎರಡು ಗೊಂಬೆಗಳು. ರಫೀಕ್ ವಾಲಗ ಊದುತ್ತಿದ್ದ, ಜಯಾ ಬೀಗಿತ್ತಿ. ನೀಲಾ ಚೆಂಡುಹೂವನ್ನು ನೂಲಿಗೆ ಕಟ್ಟಲು ಕೂತಿದ್ದಳು. ಗಂಟು ಜಾರುತ್ತಿತ್ತು, ಮತ್ತೆ ಹಾಕುತ್ತಿದ್ದಳು.

"ನೀಲಾ, ನಾ ಕೆಲಸಕ್ಕ ಹೊಂಟೀನವ್ವಾ."

ಅವಳು ಹಲ್ಲಿನಲ್ಲಿ ನೂಲು ಕಚ್ಚಿಕೊಂಡೇ ತಲೆಯಾಡಿಸಿದಳು.

"ಸಂಜೀಕ ಬರ್ತೀನಿ."

"ಹೂಂನಪ್ಪಾ. ಸರಿ ನಿಲ್ಲು, ಬಿಸಲಿಗೆ ಅಡ್ಡಾಗ್ತಿ."

ಪಕ್ಕಕ್ಕೆ ಸರಿದು ನಿಂತೆ. ಹೋಗಬೇಕಿತ್ತು, ಹೋಗಲಿಲ್ಲ. ಅವಳು ಗಂಟು ಬಿಗಿದಳು, ಹಾರವನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು, ಮದುಮಗಳ ಕೊರಳಿಗೆ ಹಾಕಿದಳು. ಆಮೇಲೆ ಇನ್ನೊಂದು ಹಾರಕ್ಕೆ ಹೂ ಆರಿಸತೊಡಗಿದಳು. ನಾನು ಸ್ಟೇಷನ್ನಿಗೆ ಓಡುವಷ್ಟರಲ್ಲಿ ಗಾಡಿ ಹೋಗಿತ್ತು.

ಇಡೀ ಕಾರ್ಖಾನೆ ಏಳು ತಿಂಗಳಿನಿಂದ ಕಾದಿದ್ದ ದಿನ ಗೇಟಿಗೆ ತಡವಾಗಿ ಬಂದವನು ನಾನೊಬ್ಬನೇ. ಕಾವಲಿನವನು ಪುಸ್ತಕ ತೆರೆದು, "ಯಾಕ್ರೀ ಲೇಟು? ಏನ್ ಬರೀಲಿ?" ಎಂದು ಕೇಳಿದ.

"ಮಗಳು ಆಡ್ತಿದ್ದಳು, ನೋಡ್ಕೋತ ನಿಂತಿದ್ದೆ" ಎಂದೆ.

ಅವನು ನನ್ನ ಮುಖವನ್ನೊಮ್ಮೆ ನೋಡಿದ. ಪುಸ್ತಕ ಮುಚ್ಚಿ, "ಹೋಗ್ರೀ, ಹೋಗ್ರೀ ಒಳಗೆ" ಎಂದ.